ಫೋನಿನಲ್ಲಿ ಹರಿದ ನದಿ

ನಕ್ಷೆ ಬರೆಯುವುದರಲ್ಲಿ ಭೂಗೋಳದ ಟೀಚರ್ ಎತ್ತಿದ ಕೈ. ಪುಸ್ತಕ ನೋಡದೆ, ಮಕ್ಕಳ ಕಡೆ ಅರ್ಧ ಮುಖ ತಿರುಗಿಸಿಕೊಂಡೇ, ಇಡೀ ಖಂಡದ ಕರಾವಳಿಯನ್ನು ಒಂದೇ ಗೆರೆಯಲ್ಲಿ ಎಳೆದುಬಿಡುತ್ತಿದ್ದರು. ಇಪ್ಪತ್ತೇಳು ವರ್ಷ ಕರಿಹಲಗೆಯ ಮುಂದೆ ನಿಂತ ಅಂಥವರಿಗೆ, ರೋಗ ಹಬ್ಬಿ ಶಾಲೆಗೆ ಬೀಗ ಬಿದ್ದ ಮೇಲೆ, ಅಂಗೈಯಗಲದ ಫೋನಿನಲ್ಲಿ ಪಾಠ ಮಾಡಿ ಎಂದಾಗ ಕೈಕಾಲೇ ಆಡಲಿಲ್ಲ.

ಮೊದಲ ದಿನ ಡಬ್ಬಿಯ ಮೇಲೆ ಡಬ್ಬಿ ಪೇರಿಸಿ, ಅದಕ್ಕೆ ಫೋನು ಒರಗಿಸಿ, ಇಸ್ತ್ರಿ ಮಾಡಿದ ಸೀರೆಯುಟ್ಟು ಕೂತರು. ಕಾಲು ಗಂಟೆ ಪಾಠವಾದ ಮೇಲೆ ಒಂದು ದನಿ ಅಳುಕುತ್ತಲೇ ಬಂತು: "ಟೀಚರ್, ನಿಮ್ಮ ಹಣೆ, ಫ್ಯಾನು, ಎರಡೇ ಕಾಣ್ತಿರೋದು."

ಅಡುಗೆಮನೆಯಲ್ಲಿ ತಂಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಊರೆಲ್ಲ ಬಾಗಿಲು ಹಾಕಿದ್ದರೂ ದಿನಾ ಹೊರಗೆ ಹೋಗಿಬರುತ್ತಿದ್ದಳು. ಆ ಮನೆಯಲ್ಲಿ ಇದ್ದವರು ಅಕ್ಕ ತಂಗಿ ಇಬ್ಬರೇ.

ವಾರದೊಳಗೆ ಟೀಚರ್ ಪರದೆಗೆ ಹೊಂದಿಕೊಂಡರು. ಆದರೆ ನಲವತ್ಮೂರು ಮಕ್ಕಳಲ್ಲಿ ಹನ್ನೊಂದು ಮಂದಿ ಒಂದು ದಿನವೂ ಪರದೆಗೆ ಬರಲಿಲ್ಲ. ಅವರ ಮನೆಗಳಲ್ಲಿದ್ದದ್ದು ಬರೀ ಬಟನ್ ಫೋನು.

"ಬಂದವರಿಗೆ ಮಾಡಿ ಮೇಡಂ. ಬರದವರಿಗೆ ನಾವೇನು ಮಾಡೋಕಾಗುತ್ತೆ?" ಎಂದರು ಹೆಡ್‌ಮಾಸ್ಟರು.

ಟೀಚರ್‌ಗೆ ಅನ್ನ ರುಚಿಸಲಿಲ್ಲ. ಮರುದಿನ ಮಧ್ಯಾಹ್ನ ಮಹಡಿ ಹತ್ತಿ ಹನ್ನೊಂದು ಮನೆಗೂ ಒಂದೊಂದಾಗಿ ಕರೆ ಮಾಡತೊಡಗಿದರು. ಮೂರು ಗಂಟೆಗೆ ಹೊಲಿಗೆಯವಳ ಮಗಳ ಸರದಿ. ಟೀಚರ್ ಪುಸ್ತಕ ನೋಡಿ ಓದಿದರು. ಹುಡುಗಿ ಪ್ರತಿ ಸಾಲಿಗೂ "ಹೂಂ" ಎಂದಳು. ಕೊನೆಗೆ, "ಟೀಚರ್, ನಂಗೇನೂ ಕಾಣಿಸ್ತಿಲ್ಲ," ಎಂದುಬಿಟ್ಟಳು.

ಟೀಚರ್ ಪುಸ್ತಕ ಮುಚ್ಚಿದರು. "ಸರಿ ಪುಟ್ಟಿ, ಕಣ್ಣು ಮುಚ್ಚು."

"ಮುಚ್ಚಿದೆ."

"ನೀನೀಗ ಬೆಟ್ಟದ ತುದೀಲಿದೀಯ. ನಿನ್ನ ಎಡಗಾಲಿನ ಹತ್ರ ಒಂದು ಬಂಡೆ. ಅದರ ಬುಡದಿಂದ ನೀರು ಜಿನುಗ್ತಿದೆ. ಎಷ್ಟಿದೆ ನೋಡಿ ಹೇಳು."

ಆ ಕಡೆ ಹೊಲಿಗೆ ಯಂತ್ರ ಕಟಕಟ ಓಡುತ್ತಿತ್ತು. "ನನ್ನ ಕಿರುಬೆರಳಿನಷ್ಟು," ಎಂದಳು ಹುಡುಗಿ.

ಹಾಗೆ ಹುಟ್ಟಿತು ಆ ನದಿ. ದಿನಕ್ಕೆ ಒಂದಿಷ್ಟು ಕೆಳಗಿಳಿಯಿತು. ಜಲಪಾತ, ಕಣಿವೆ, ಉಪನದಿ ಎಲ್ಲವೂ ದಾರಿಯಲ್ಲಿ ಎದುರಾದವು. ಒಬ್ಬ ಹುಡುಗ ಅದಕ್ಕೆ ಕಲ್ಲಿನ ಸೇತುವೆ ಕಟ್ಟಿದ. ಇನ್ನೊಬ್ಬಳು ದಂಡೆಯಲ್ಲಿ ಹತ್ತಿ ಬೆಳೆದಳು. ಒಬ್ಬರು ಹೇಳಿದ್ದನ್ನು ಟೀಚರ್ ಮಿಕ್ಕ ಹತ್ತು ಮಂದಿಗೂ ಮುಟ್ಟಿಸುತ್ತಿದ್ದರು. ಮಹಡಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತ ಮಾತಾಡುತ್ತಿದ್ದರೆ ಕೆಳಗಿನ ಬೀದಿ ನರಪಿಳ್ಳೆಯಿಲ್ಲದೆ ಬಿಸಿಲಲ್ಲಿ ಮಲಗಿರುತ್ತಿತ್ತು. ಎಲ್ಲೋ ಒಂದು ಕಿಟಕಿ ಮೆಲ್ಲನೆ ಮುಚ್ಚಿಕೊಳ್ಳುತ್ತಿತ್ತು. ನಾಲ್ಕನೆಯ, ಐದನೆಯ ಮಗುವಿನ ಹೊತ್ತಿಗೆ ಕಾಲಡಿಯ ಸಿಮೆಂಟು ತಣ್ಣಗಾಗಿ ಮರಳಾಗುತ್ತಿತ್ತು. ಬೀದಿಯುದ್ದಕ್ಕೂ ನೀರು ತುಂಬಿಕೊಂಡು, ಬಾಗಿಲು ಹಾಕಿದ ಮನೆಗಳೆಲ್ಲ ದಂಡೆಗೆ ಕಟ್ಟಿದ ದೋಣಿಗಳ ಹಾಗೆ ಸಣ್ಣಗೆ ತೂಗುತ್ತಿದ್ದವು. ಕೆಳಗಿಳಿದು ಬಂದರೂ ಆ ಮಂಪರು ಬಿಡುತ್ತಿರಲಿಲ್ಲ.

"ಅಕ್ಕಾ, ಕಾಲು ಒರೆಸ್ಕೊಂಡು ಒಳಗೆ ಬಾ. ಮನೆಯೆಲ್ಲ ಒದ್ದೆ ಮಾಡ್ತೀಯ," ಎಂದು ತಂಗಿ ಛೇಡಿಸುತ್ತಿದ್ದಳು. ಟೀಚರ್ ಒಂದೆರಡು ಸಲ ನಿಜಕ್ಕೂ ಪಾದ ನೋಡಿಕೊಂಡದ್ದುಂಟು.

ಒಂದು ಮಧ್ಯಾಹ್ನ ಮೂರರ ಕರೆಯಲ್ಲಿ ಹೊಲಿಗೆ ಯಂತ್ರ ಥಟ್ಟನೆ ನಿಂತಿತು. ಹೆಂಗಸಿನ ದನಿ ಬಂತು: "ಟೀಚರ್, ತಪ್ಪು ತಿಳ್ಕೋಬೇಡಿ, ನಾನು ಇವಳ ಅಮ್ಮ. ಸಮುದ್ರ ಸೇರಿದ್ಮೇಲೆ ಆ ನೀರಿಗೆ ತಾನು ನದಿಯಾಗಿದ್ದೆ ಅನ್ನೋದು ಗೊತ್ತಿರುತ್ತಾ?"

ಟೀಚರ್ ನಿಂತಲ್ಲೇ ನಿಂತರು. ಇಷ್ಟು ವರ್ಷದಲ್ಲಿ ಯಾವ ಮಗುವೂ ಇದನ್ನು ಕೇಳಿರಲಿಲ್ಲ.

"ಸ್ವಲ್ಪ ದೂರ ಗೊತ್ತಿರುತ್ತೆ ಅನ್ಸುತ್ತಮ್ಮ. ದೊಡ್ಡ ನದಿಗಳ ಸಿಹಿನೀರು ಸಮುದ್ರದೊಳಗೂ ಎಷ್ಟೋ ದೂರ ಬೇರೆಯಾಗೇ ಹರಿಯುತ್ತೆ. ಬಣ್ಣಾನೂ ಬೇರೆ ಇರುತ್ತೆ."

"ಹೌದಾ!" ಎಂದಳು ಹೊಲಿಗೆಯವಳು. ಆಮೇಲೆ ಮೆಲ್ಲಗೆ, "ನಂಗೆ ಏಳನೇ ಕ್ಲಾಸಿಗೇ ಶಾಲೆ ಬಿಡಿಸಿಬಿಟ್ರು," ಎಂದಳು.

ಅಂದಿನಿಂದ ಮೂರರ ಪಾಠಕ್ಕೆ ಇಬ್ಬರು ವಿದ್ಯಾರ್ಥಿಗಳು. ನದಿ ಬಯಲಿಗಿಳಿದು ಬಳುಕುವ ಹೊತ್ತಿಗೆ ಹೊಲಿಗೆಯವಳು ಒಂದು ತಿರುವಿನ ಒಳಮಗ್ಗುಲಲ್ಲಿ ದೋಣಿಕಟ್ಟೆ ಕಟ್ಟಿದಳು. "ಅಲ್ಲಿ ನೀರು ನಿಧಾನ ಅಂದ್ರಲ್ಲ, ಹತ್ತಿಳಿಯೋಕೆ ಸಲೀಸು," ಎಂದು ಕಾರಣವನ್ನೂ ಕೊಟ್ಟಳು. ಅಲ್ಲಿಂದ ಮುಂದೆ ಎಲ್ಲರೂ ದೋಣಿಯಲ್ಲೇ ಹೋಗುವುದೆಂದಾಯಿತು.

ಅದಾದ ಮೂರನೆಯ ದಿನ ಅವರ ಫೋನು ಎತ್ತುವವರಿರಲಿಲ್ಲ. ನಾಲ್ಕನೆಯ ದಿನವೂ ಇಲ್ಲ. ಟೀಚರ್ ಜೀವ ಕೈಯಲ್ಲಿ ಹಿಡಿದುಕೊಂಡು ದಿನಾ ಮೂರಕ್ಕೆ ಕರೆ ಮಾಡಿದರು, ಗಂಟೆ ಹೊಡೆದು ಹೊಡೆದು ಸುಮ್ಮನಾಗುತ್ತಿತ್ತು. ಹೋಗಿ ನೋಡೋಣವೆಂದರೆ ರೋಗವೆಂದು ಆ ಬೀದಿಗೇ ಬಿದಿರು ಅಡ್ಡ ಕಟ್ಟಿದ್ದರು. ಮಿಕ್ಕ ಹತ್ತು ಮಕ್ಕಳಿಗೆ ಟೀಚರ್ ನದಿಯನ್ನು ಮುಂದೆ ಹರಿಸಲಿಲ್ಲ. ದೋಣಿಕಟ್ಟೆಯಲ್ಲೇ ಕೂರಿಸಿಕೊಂಡು ದಂಡೆಯ ಹಕ್ಕಿ, ಹುಲ್ಲು, ಮೆಕ್ಕಲುಮಣ್ಣು ಎಂದು ದಿನ ದೂಡಿದರು.

"ಟೀಚರ್, ಯಾವಾಗ ಹೊರಡೋದು?" ಎಂದು ಸೇತುವೆಯ ಹುಡುಗ ಕೇಳಿದ.

"ಇನ್ನಿಬ್ಬರು ಬರಬೇಕು ಕಣೋ."

ಹತ್ತನೆಯ ದಿನ ಆ ಕಡೆಯಿಂದಲೇ ಕರೆ ಬಂತು. "ಅಮ್ಮಂಗೆ ಜ್ವರ ಬಿಟ್ಟಿದೆ ಟೀಚರ್. ಆಸ್ಪತ್ರೆಯಿಂದ ಮನೆಗೆ ಬಂದ್ವಿ." ಹಿಂದಿನಿಂದ ಬತ್ತಿದ ಗಂಟಲೊಂದು, "ದೋಣಿ ಎಷ್ಟು ಮುಂದೆ ಹೋಯ್ತು ಕೇಳೇ," ಎಂದಿತು.

"ಇನ್ನೂ ಕಟ್ಟೆ ಬಿಟ್ಟಿಲ್ಲ ಅನ್ನು," ಎಂದರು ಟೀಚರ್.

ಶಾಲೆ ತೆರೆದದ್ದು ಅರ್ಧಂಬರ್ಧ. ಅರ್ಧ ಮಕ್ಕಳು ಮುಖಗವಸು ಹಾಕಿಕೊಂಡು ದೂರದೂರ ಕೂತರೆ, ಇನ್ನರ್ಧ ಸ್ಟೂಲಿನ ಮೇಲಿಟ್ಟ ಲ್ಯಾಪ್‌ಟಾಪಿನೊಳಗೆ. ಹಲಗೆಯ ಕಡೆ ತಿರುಗಿದರೆ ಲ್ಯಾಪ್‌ಟಾಪಿನವರು "ಕೇಳಿಸ್ತಿಲ್ಲ" ಎಂದು ಕೂಗುತ್ತಿದ್ದರು. ಆ ಕಡೆ ಬಗ್ಗಿದರೆ ಎದುರಿಗಿದ್ದವರು ಗುಸುಗುಸು ಶುರು ಹಚ್ಚುತ್ತಿದ್ದರು. ಬಟನ್ ಫೋನಿನ ಹನ್ನೊಂದು ಮಂದಿಯನ್ನೂ ದಿನಾ ಶಾಲೆಗೇ ಕರೆಸಬೇಕೆಂದು ಟೀಚರ್ ಹೆಡ್‌ಮಾಸ್ಟರ ಹತ್ತಿರ ಹಟ ಹಿಡಿದು ಗೆದ್ದಿದ್ದರು.

ಒಂದು ಬೆಳಿಗ್ಗೆ ಅವರು ಆ ನದಿಯನ್ನು ಹಲಗೆಯ ಮೇಲೆ ಹುಟ್ಟಿನಿಂದ ಸಮುದ್ರದವರೆಗೆ ಬರೆದರು. ಕಣ್ಣು ಮುಚ್ಚಿ ಕಂಡದ್ದನ್ನು ಹನ್ನೊಂದು ಮಕ್ಕಳು ಈಗ ಕಣ್ಣು ಬಿಟ್ಟು ನೋಡಿದರು. ಪರದೆಯ ಮಕ್ಕಳಿಗೆ ಹೊಟ್ಟೆಕಿಚ್ಚು. "ಇದು ಯಾವ ನದಿ ಟೀಚರ್? ನಮಗ್ಯಾಕೆ ಹೇಳಲಿಲ್ಲ?"

ಅಷ್ಟರಲ್ಲಿ, ಶಾಲೆಗೆಂದು ಹೊಲಿದ ಮುಖಗವಸುಗಳ ಗಂಟು ಹಿಡಿದು ಹೊಲಿಗೆಯವಳು ಬಾಗಿಲಲ್ಲಿ ಬಂದು ನಿಂತಳು. ಜ್ವರದಿಂದ ಇಳಿದುಹೋಗಿದ್ದಳು. ಟೀಚರೂ ಅವಳೂ ಒಬ್ಬರ ಮುಖ ಒಬ್ಬರು ನೋಡಿದ್ದು ಅದೇ ಮೊದಲು, ಅದೂ ಅರ್ಧ ಮುಖ. ಅವಳ ಕಣ್ಣು ಹಲಗೆಯ ಮೇಲೆ ನಿಧಾನವಾಗಿ ಹರಿದು ಒಂದು ಕಡೆ ನಿಂತಿತು.

"ಟೀಚರ್, ನನ್ನ ದೋಣಿಕಟ್ಟೆ?"

"ಅದು ನಿಮ್ಮದಲ್ವಾ? ನೀವೇ ಬರೀರಿ," ಎಂದು ಟೀಚರ್ ಚಾಕ್‌ಪೀಸ್ ಕೊಟ್ಟರು.

ಹೊಲಿಗೆಯವಳು ಗಂಟು ಕೆಳಗಿಟ್ಟು, ಬಟ್ಟೆಗೆ ಗುರುತು ಹಾಕುವವಳ ಹಾಗೆ ಬೆರಳು ಮಡಚಿ ಚಾಕ್‌ಪೀಸ್ ಹಿಡಿದಳು. ಅಂಗಿಯ ಕಂಕುಳಿಗೆ ಎಳೆಯುವಂಥ ಒಂದೇ ಬಾಗುಗೆರೆ. ಮಗಳು ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು.

ಮರುದಿನ ವಿಜ್ಞಾನದ ಮೇಷ್ಟ್ರು ಬಂದು ಹಲಗೆ ಒರೆಸಿದರು. ಮೂರರ ಕರೆ ಮಾತ್ರ ನಿಲ್ಲಲಿಲ್ಲ. ಶಾಲೆ ಪೂರ್ತಿ ತೆರೆದ ಮೇಲೆ ಮಗಳು ತರಗತಿಯಲ್ಲಿದ್ದರೆ, ಅಮ್ಮ ಯಂತ್ರದ ಪಕ್ಕ ಫೋನಿಟ್ಟುಕೊಂಡು ಪಾಠ ಕೇಳುತ್ತಿದ್ದಳು. ಟೀಚರ್‌ಗೆ ಅದು ಬಿಡುವಿನ ಪಿರಿಯಡ್ಡು. ಎರಡು ವರ್ಷ ಕಳೆದು ಹೊಲಿಗೆಯವಳು ಖಾಸಗಿಯಾಗಿ ಹತ್ತನೆಯ ತರಗತಿಯ ಪರೀಕ್ಷೆಗೆ ಕಟ್ಟಿದಳು. ಎಲ್ಲದರಲ್ಲೂ ಪಾಸು, ಗಣಿತದಲ್ಲಿ ಡುಮ್ಕಿ.

"ಗಣಿತದ ಮೇಷ್ಟ್ರ ನಂಬರ್ ಕೊಡಿ ಟೀಚರ್," ಎಂದು ಕೇಳಿ ಇಸಿದುಕೊಂಡಳು.

ನಾಲ್ಕು ದಿನಕ್ಕೆ ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ ಸ್ಟಾಫ್ ರೂಮಿಗೆ ಬಂದರು.

"ಏನ್ ಮೇಡಂ ನಿಮ್ಮ ಶಿಷ್ಯೆ! ಸೊನ್ನೆಗಿಂತ ಕಡಿಮೆ ಇರೋ ಸಂಖ್ಯೆಗಳು ಎಲ್ಲಿರ್ತಾವೆ ಅಂತಾರೆ. ನಾನೇನು ಹೇಳ್ಲಿ?"