ನೂರಿಪ್ಪತ್ತೊಂದನೇ ಸೆಕೆಂಡು

ಭಾನುಪ್ರಿಯಾಳ ಕೈಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ಕೆಂಪು. ಡಿಪ್ಲೊಮಾ ಮುಗಿಸಿ ಅರಸೀಕೆರೆಯ ಏಕಾಂತಯ್ಯನವರ ವರ್ಕ್‌ಶಾಪಿಗೆ ಸೇರಿದ ವಾರ ತಾನೇ ಆರಿಸಿ ಕೊಂಡದ್ದು. ಅಲ್ಲಿ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ಪೆಟ್ಟಿಗೆಗಳು ತಯಾರಾಗುತ್ತಿದ್ದವು. ಕರೆಂಟು ಬಂದರೆ ಮೋಟಾರನ್ನು ತಾವೇ ಚಾಲೂ ಮಾಡುವಂಥವು. ಎರಡು ವರ್ಷ ಅವಳು ಬೆಸುಗೆ ಹಾಕಿದಳು. 2007ರಲ್ಲಿ, ಪೆಟ್ಟಿಗೆಯೊಳಗೆ ಚಿಪ್ ಕೂರಿಸಿ ಅದಕ್ಕೆ ಪ್ರೋಗ್ರಾಂ ಬರೆಯುತ್ತೇನೆ ಎಂದಾಗ ಏಕಾಂತಯ್ಯ ಹಳೆಯ ಕಂಪ್ಯೂಟರೊಂದನ್ನು ತಂದಿಟ್ಟರು.

ಮೊದಲ ಪೆಟ್ಟಿಗೆ ಹಗರೆಯ ಜವರಯ್ಯನ ತೋಟಕ್ಕೆ ಹೋಯಿತು. ನಾಲ್ಕನೆಯ ದಿನ ಫೋನು ಬಂತು.

"ಏಕಾಂತಯ್ಯನೋರೆ, ನಿಮ್ಮ ಪೆಟ್ಟಿಗೆ ದಿನಾ ಟಿಸಿ ಫ್ಯೂಸ್ ಹಾರಿಸ್ತೈತೆ. ಮರಿಯಣ್ಣ ನನ್ನ ಕಂಡ್ರೆ ಮುಖ ತಿರುಗಿಸ್ತಾನೆ."

ಜವರಯ್ಯನಿಗೂ ಪಕ್ಕದ ತೋಟದ ಮರಿಯಣ್ಣನಿಗೂ ಒಂದೇ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್. ಎರಡು ಮೋಟಾರು ಒಟ್ಟಿಗೆ ಎದ್ದರೆ ಅದು ತಡೆಯದು. ಹಾಗಾಗಿ ಮೊದಲಿಂದಲೂ ಸರದಿ ಗೊತ್ತುಮಾಡಿಕೊಂಡಿದ್ದರು: ಕರೆಂಟು ಬಂದ ಎರಡನೇ ನಿಮಿಷಕ್ಕೆ ಮರಿಯಣ್ಣನದು, ಮೂರಕ್ಕೆ ಜವರಯ್ಯನದು.

"ಶನಿವಾರ ಹುಲಿಕೆರೆಗೆ ಹನ್ನೆರಡು ಪೆಟ್ಟಿಗೆ ಹೋಗ್ಬೇಕು ಕಣಮ್ಮ," ಎಂದರು ಏಕಾಂತಯ್ಯ. "ಅಷ್ಟರೊಳಗೆ ಸರಿಹೋದ್ರೆ ನಿನ್ನ ಚಿಪ್. ಇಲ್ಲಾಂದ್ರೆ ಹಳೇ ರಿಲೇನೇ. ನೀನು ಮತ್ತೆ ಬೆಸುಗೆ ಮೇಜಿಗೆ."

ಗುರುವಾರ ಅವಳು ಹಳೇಬೀಡಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಹಗರೆಯಲ್ಲಿ ಇಳಿದಳು. ಲೈನ್‌ಮನ್ ಬೆಳಿಗ್ಗೆಯೇ ಫ್ಯೂಸು ಕಟ್ಟಿಹೋಗಿದ್ದ. ಎರಡು ಗಂಟೆಗೆ ಕರೆಂಟು ಬಂತು. ಕೆಂಪು ಮುಳ್ಳು ಎರಡು ಸುತ್ತು ಹಾಕಿತು. ಮರಿಯಣ್ಣನ ಮೋಟಾರು ಗುಡುಗಿತು. ಅದು ಉಸಿರು ಹಿಡಿಯುವ ಮೊದಲೇ ಜವರಯ್ಯನದೂ ಎದ್ದಿತು. ಕಂಬದ ಮೇಲೆ ಫಟ್ ಎಂದಿತು. ಎರಡೂ ತಣ್ಣಗಾದವು.

"ಸರದಿ ಅಂದ್ರೇನು ಅಂತ ಕಾಲೇಜಲ್ಲಿ ಹೇಳ್ಕೊಡಲ್ವೇನವ್ವ?" ಎಂದ ಮರಿಯಣ್ಣ.

"ಮಗೀನ ಯಾಕ್ಲಾ ಅಂತೀಯ? ನೀನು ಊಟದ ಪಂಕ್ತೀಲಿ ಯಾವತ್ತು ಸರದಿ ಕಾದಿದ್ದೀಯ?" ಎಂದ ಜವರಯ್ಯ.

ಅವಳು ನಗಲಿಲ್ಲ. ಅಂಗೈಯಲ್ಲಿ ಬರೆದುಕೊಂಡ ಅಂಕಿಯನ್ನು ನೋಡುತ್ತಿದ್ದಳು. "ನಿಮ್ಮದು ಎದ್ದದ್ದು ನೂರಿಪ್ಪತ್ತೊಂದನೇ ಸೆಕೆಂಡಿಗೆ. ಆ ಒಂದು ಎಲ್ಲಿಂದ ಬಂತು ತಾತ?"

"ನನ್ನ ಕೇಳ್ತೀಯಲ್ಲವ್ವ!" ಎಂದ ಜವರಯ್ಯ.

ಬಸ್ಸಿನುದ್ದಕ್ಕೂ ಆ ಒಂದು ಸೆಕೆಂಡು ಅವಳ ಜೊತೆಗೆ ಬಂತು.

ಕಂಪ್ಯೂಟರಿನ ಸೆಟ್ಟಿಂಗ್ ಫೈಲಿನಲ್ಲಿ ಅವಳು 'ಕಾಯುವ ಹೊತ್ತು' ಎಂಬ ಹೆಸರಿಟ್ಟು, ಅದರ ಮುಂದೆ ವೋಲ್ಟೇಜು ಸ್ಥಿರವಾಗಲೆಂದು ಎಲ್ಲರಿಗೂ ಒಂದು ನಿಮಿಷ, ಜೊತೆಗೆ ಜವರಯ್ಯನ ಸರದಿಗೆ ಇನ್ನೆರಡು ನಿಮಿಷ ಎಂದು ಬರೆದಿದ್ದಳು. ಬೇರೆಡೆ ಅದನ್ನು ಅರವತ್ತರಿಂದ ಗುಣಿಸಿ ಸೆಕೆಂಡು ಮಾಡುತ್ತಿದ್ದಳು. ಎಷ್ಟು ಸಲ ಓದಿದರೂ ಲೆಕ್ಕ ನೂರೆಂಬತ್ತೇ. ಕಣ್ಣು ತಾನು ಅಂದುಕೊಂಡದ್ದನ್ನೇ ಓದುತ್ತದೆ. ಕೊನೆಗೆ, ಹೆಸರುಗಳನ್ನೆಲ್ಲ ಬಿಡಿಸಿ ನೀನು ಕಂಡಂತೆ ತೋರಿಸು ಎಂದು ಕಂಪ್ಯೂಟರಿಗೇ ಹೇಳಿದಳು. ಅದು ಹೆಸರಿದ್ದ ಜಾಗಕ್ಕೆ ಬರೆದಷ್ಟನ್ನೇ ತಂದಿಟ್ಟಿತ್ತು:

1 + 2 * 60

ಗುಣಾಕಾರ ಮೊದಲು. ಸರದಿಯ ಎರಡಷ್ಟೇ ಗುಣಿಸಿಕೊಂಡು ನೂರಿಪ್ಪತ್ತಾಯಿತು, ಎಲ್ಲರ ಪಾಲಿನ ಒಂದು ನಿಮಿಷ ಬರೀ ಒಂದು ಸೆಕೆಂಡಾಗಿ ಉಳಿದಿತ್ತು. ವರ್ಕ್‌ಶಾಪಿನಲ್ಲಿ ಪರೀಕ್ಷಿಸುವಾಗ ಸರದಿ ಕಾಯಲು ನೆರೆಯವನೇ ಇರಲಿಲ್ಲ. ಸರದಿಯ ಅಂಕಿಯನ್ನೇ ಹಾಕದ್ದರಿಂದ ಆ ಒಂದು ಸರಿಯಾಗಿ ಅರವತ್ತಾಗಿತ್ತು.

ಏಕಾಂತಯ್ಯ ಹಿಂದೆ ನಿಂತು ನೋಡಿದರು. "ಹೊರೆ ಕಟ್ಟದೆ ಹುಲ್ಲು ಎತ್ತಿದಂಗಾಯ್ತು ಅನ್ನು."

"ಹೂಂ ಸಾರ್. ಹಗ್ಗ ಹಾಕ್ತೀನಿ." ಕೂಡುವ ಅಂಕಿಗಳ ಆಚೆಗೊಂದು ಈಚೆಗೊಂದು ಆವರಣ ಚಿಹ್ನೆ ಹಾಕಿದಳು.

ಶುಕ್ರವಾರ ಹಗರೆಯಲ್ಲಿ ಹೊಸ ಚಿಪ್ ಕೂರಿಸಿ ಅವಳು, ಜವರಯ್ಯ, ಮರಿಯಣ್ಣ ಮೂವರೂ ಕಂಬದ ಕಡೆ ಕತ್ತೆತ್ತಿ ನಿಂತರು. ಎರಡನೇ ನಿಮಿಷಕ್ಕೆ ಮರಿಯಣ್ಣನ ಮೋಟಾರು ಎದ್ದಿತು. ಕೆಂಪು ಮುಳ್ಳು ಪೂರ್ತಿ ಇನ್ನೊಂದು ಸುತ್ತು ಬಂತು, ಬಂತು, ಬಂತು. ಜವರಯ್ಯನ ಮೋಟಾರು ಎದ್ದಿತು. ಕಂಬ ಸುಮ್ಮನಿತ್ತು. ತೆಂಗಿನ ಬುಡಕ್ಕೆ ನೀರು ಬೆಳ್ಳಗೆ ಬಿತ್ತು.

"ಪರ್ವಾಗಿಲ್ಲ ಕಣ್ಲಾ," ಎಂದ ಮರಿಯಣ್ಣ, "ಕಾಲೇಜಲ್ಲಿ ಏನೋ ಹೇಳ್ಕೊಡ್ತಾರೆ." ಅವಳ ಚೀಲಕ್ಕೆ ಎರಡು ಎಳನೀರು ತುರುಕಿದ.

ಸಂಜೆ ವರ್ಕ್‌ಶಾಪಿಗೆ ಬಂದಾಗ ಬೆಸುಗೆ ಮೇಜಿನ ಮುಂದೆ, ಅವಳ ಜಾಗದಲ್ಲಿ, ಏಕಾಂತಯ್ಯನವರೇ ಕೂತಿದ್ದರು. ಹುಲಿಕೆರೆಯ ಹನ್ನೆರಡರಲ್ಲಿ ಹತ್ತು ಪೆಟ್ಟಿಗೆಗಳಿಗೆ ಚಿಪ್ ಕೂರಿಸುವ ಜಾಗ ಆಗಲೇ ಸಿದ್ಧವಾಗಿತ್ತು.

"ಎಷ್ಟು ಬಂತು?" ತಲೆ ಎತ್ತದೆ ಕೇಳಿದರು.

"ನೂರೆಂಬತ್ತು ಸಾರ್."

"ಸರಿ, ಕಂಪ್ಯೂಟರ್ ಹಾಕು," ಎಂದು ಹನ್ನೊಂದನೆಯದನ್ನು ಎಳೆದುಕೊಂಡರು.