ಹಾಳೆಯ ಮೂಲೆಯ ನಂಬರು

ದಬ್ಬಣದ ಕಣ್ಣು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ ಎಂಬುದು ನನ್ನ ಇತ್ತೀಚಿನ ಸಂಶೋಧನೆ. ದೋಷ ದಬ್ಬಣದ ಕಣ್ಣಿನದಲ್ಲ, ನನ್ನದು ಎಂದು ಕನ್ನಡಕದ ಅಂಗಡಿಯವನು ಹೇಳುತ್ತಾನೆ. ಅವನು ಮಾರುವುದು ಕನ್ನಡಕವಾದ್ದರಿಂದ ಆ ಮಾತನ್ನು ನಾನು ಅಷ್ಟಾಗಿ ಹಚ್ಚಿಕೊಂಡಿಲ್ಲ. ದಾರದ ತುದಿಯನ್ನು ನಾಲಗೆಯಲ್ಲಿ ಒದ್ದೆ ಮಾಡಿ, ಹೊಸೆದು, ಬೆಳಕಿಗೆ ಹಿಡಿದು, ಉಸಿರು ಬಿಗಿಹಿಡಿದು ನೂಕಿದರೂ ಅದು, ಬಸ್‌ಸ್ಟ್ಯಾಂಡಿನಲ್ಲಿ ಕಂಡೂ ಕಾಣದ ಹಾಗೆ ಹೋಗುವ ಬೀಗರಂತೆ, ಪಕ್ಕದಲ್ಲೇ ಹಾದುಹೋಗುತ್ತದೆ. ಒಂದು ಪುಸ್ತಕ ಹೊಲಿಯುವುದಕ್ಕಿಂತ ಒಂದು ಸಲ ದಾರ ಪೋಣಿಸುವುದರಲ್ಲೇ ನನಗೆ ಹೆಚ್ಚು ಆಯಾಸ.

ನಾನು ಓದಿದ್ದು ಮೂರನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಆಮೇಲೆ ಚನ್ನಗಿರಿಯ ಮಂಡಿಯಲ್ಲಿ ಗೋಣಿಚೀಲಗಳ ಬಾಯಿ ಹೊಲಿಯುತ್ತಾ ನನ್ನ ಯೌವನವನ್ನೂ ಅದರೊಳಗೇ ಹಾಕಿ ಹೊಲಿದುಬಿಟ್ಟೆ. ನನ್ನ ವಾಕ್ಯಗಳು ಉದ್ದವಾದರೆ ಮನ್ನಿಸಬೇಕು: ಚೀಲದ ಬಾಯಿ ಮುಗಿಯುವವರೆಗೆ ದಾರ ಕತ್ತರಿಸಬಾರದೆಂಬುದು ಅಲ್ಲಿನ ಶಿಸ್ತು. ಮಧ್ಯೆ ಮಧ್ಯೆ ಘನವಾದ ಶಬ್ದಗಳು ಇಣುಕಿದರೆ ಅದು ರದ್ದಿ ಕಾಗದದ ಕೃಪೆ. ಮಂಡಕ್ಕಿ ತಿಂದು ಮುಗಿದ ಮೇಲೆ ಪೊಟ್ಟಣ ಬಿಡಿಸಿ ಓದಿಯೇ ನಾನು ಇಷ್ಟಾದರೂ ಪಂಡಿತನಾದದ್ದು.

ಸೊಂಟ ಮಾತು ಕೇಳದಾದಾಗ ನ್ಯಾಮತಿಗೆ, ಮಗನ ಮನೆಗೆ ಬಂದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ಓದುವ ಚಟವಿದ್ದ ಮನೆಗಳಲ್ಲೆಲ್ಲ ಒಂದು ರೂಢಿಯಿತ್ತು: ವಾರಪತ್ರಿಕೆಯಿಂದ ಮೆಚ್ಚಿದ ಕಥೆಯ ಹಾಳೆಗಳನ್ನು ಕಿತ್ತು, ಹಾಸಿಗೆಯ ಕೆಳಗೆ ಕೂಡಿಟ್ಟು, ದಪ್ಪಗಾದ ಮೇಲೆ ಹೊಲಿಸಿ ಪುಸ್ತಕ ಮಾಡಿಕೊಳ್ಳುವುದು. ನಾನು ಜಗುಲಿಯ ಮೇಲೆ ಕೂತು ಅವನ್ನು ಹೊಲಿಯುತ್ತಿದ್ದೆ. ಹಳೇ ಕ್ಯಾಲೆಂಡರಿನ ದೇವರು ಹೊರಗೆ, ಪ್ರೇಮಕಥೆ ಒಳಗೆ. ಹೊನ್ನಾಳಿಯಿಂದಲೂ ಹೆಣ್ಣುಮಕ್ಕಳು ಬಸ್ಸಿನಲ್ಲಿ ಕಟ್ಟು ಕಳಿಸುತ್ತಿದ್ದರು.

ಒಂದು ದಿನ ನಮ್ಮೂರ ಶಾಲೆಯ ವಿಶಾಲಾಕ್ಷಮ್ಮ ಟೀಚರು ಹಳೇ ಸೀರೆಯ ಸೆರಗಿನಲ್ಲಿ ಸುತ್ತಿದ ಒಂದು ಕಟ್ಟು ತಂದರು. ಅವರಿಗೆ ಜಗಳೂರಿಗೆ ವರ್ಗವಾಗಿತ್ತು. ಆ ಹಾಳೆಗಳು, ತೀರಿಹೋಗಿದ್ದ ಅವರ ಅಕ್ಕನವು. ಆ ಅಕ್ಕನಿಗೆ ಸಂಸಾರದ ಕಥೆಗಳು ಸೇರುತ್ತಿರಲಿಲ್ಲವಂತೆ. ಹುಣಸೆಮರದ ದೆವ್ವ, ಚಂದ್ರನಿಗೆ ಹಾರಿದ ವಿಜ್ಞಾನಿ, ಕೊಲೆಗಾರನ ಹಿಂದೆ ಬಿದ್ದ ಪತ್ತೇದಾರ, ನಾಳೆಯ ಊರಿಗೆ ಹೋಗಿ ಬಂದವನು, ಹೀಗೆ ಆಗದ ಹೋಗದ ಸಂಗತಿಗಳ ಸಣ್ಣಕಥೆಗಳನ್ನೇ ಆರಿಸಿ ಕಿತ್ತಿಟ್ಟಿದ್ದರು. ಅಲ್ಲಲ್ಲಿ ಅಂಚಿನಲ್ಲಿ ಪೆನ್ಸಿಲಿನ ಗುರುತು.

"ಜ್ವಾಪಾನ ಅಜ್ಜಾರೇ, ಅಕ್ಕಂದು ಅಂತ ಉಳಿದಿರೋದು ಇದೊಂದೇ" ಎಂದರು.

"ನನ್ನ ಕೈಗೆ ಬಂತಲ್ಲ ಟೀಚರಮ್ಮ, ಚಿಂತಿ ಬಿಡ್ರಿ" ಎಂದೆ.

ಕಟ್ಟು ಬಿಚ್ಚಿ ನೋಡಿದರೆ ಹಾಳೆಗಳು ಅಸ್ತವ್ಯಸ್ತ ಎನಿಸಿತು. ಒಂಬತ್ತರ ಹಿಂದೆ ನಲವತ್ತೊಂದು, ಅದರ ಹಿಂದೆ ಮತ್ತೆ ಏಳು! ಮಂಡಿಯಲ್ಲಿ ಚೀಲಕ್ಕೆ ನಂಬರು ಬಿತ್ತೆಂದರೆ ಮುಗಿಯಿತು, ಬ್ರಹ್ಮ ಬಂದರೂ ನಂಬರಿನಂತೆಯೇ ಒಟ್ಟಬೇಕು. ನಾನು ಎರಡು ದಿನ ಬೆನ್ನು ಬಗ್ಗಿಸಿ ಕೂತು, ಮೂಲೆಯ ಪುಟಸಂಖ್ಯೆ ನೋಡಿಕೊಂಡು, ಏಳುಗಳನ್ನೆಲ್ಲ ಏಳರ ಜೊತೆ, ಒಂಬತ್ತುಗಳನ್ನೆಲ್ಲ ಒಂಬತ್ತರ ಜೊತೆ ಇಟ್ಟು ಓರಣ ಮಾಡಿದೆ. ಅವು ಬೇರೆ ಬೇರೆ ವಾರದ ಪತ್ರಿಕೆಗಳ ನಂಬರು, ಹಾಗೆ ಜೋಡಿಸಿದರೆ ಒಂದು ಕಥೆಯ ಹಾಳೆ ಇನ್ನೊಂದರೊಳಗೆ ಸೇರಿಹೋಗುತ್ತದೆ ಎಂದು ಈ ಮಹಾನುಭಾವನಿಗೆ ಹೊಳೆಯಲಿಲ್ಲ. ಬಿಗಿಯಾಗಿ ಹೊಲಿದು, ಹುಳ ಹಿಡಿಯದಿರಲೆಂದು ಮೈಲುತುತ್ತ ಬೆರೆಸಿದ ಮೈದಾ ಅಂಟನ್ನು ಬೆನ್ನಿಗೆ ಧಾರಾಳವಾಗಿ ಬಳಿದೆ. ಅಂಚು ಮಾತ್ರ ಕತ್ತರಿಸಲಿಲ್ಲ, ಕತ್ತಿ ಮೊಂಡಾಗಿತ್ತು, ಮಸೆಯಲು ಬೇಸರ. ಅಕ್ಕನ ಪೆನ್ಸಿಲ್ ಗುರುತು ಉಳಿದದ್ದು ಅದರಿಂದ. ನನ್ನ ಸೋಮಾರಿತನದಿಂದ ಜಗತ್ತಿಗೆ ಆದ ಏಕೈಕ ಉಪಕಾರ.

ಈಗ ನನ್ನ ಮೊಮ್ಮಗಳು ಕೊಟ್ರಿಯ ವಿಷಯ. ಹೇಳಹೊರಟರೆ ನನಗೆ ಬಾಯಿ ನಿಲ್ಲುವುದಿಲ್ಲ, ತಡೆದುಕೊಂಡೇ ಹೇಳುತ್ತೇನೆ. ಆಗ ಅವಳಿಗೆ ನಾಲ್ಕನೇ ಕ್ಲಾಸಿನಲ್ಲಿ ಎರಡನೇ ವರ್ಷ. ಸವಳಂಗದವರೆಗೆ ಬಸ್ಸಿನಲ್ಲಿ ಹೋದರೆ ಹತ್ತಿದವರನ್ನು, ಇಳಿದವರನ್ನೆಲ್ಲ ಅಣಕಿಸಿ ತೋರಿಸುವ ಹುಡುಗಿ, ಪುಸ್ತಕ ಹಿಡಿದರೆ ಅಕ್ಷರಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಒಂದೊಂದಾಗಿ ಹೆಕ್ಕುತ್ತಿದ್ದಳು. ವಿಶಾಲಾಕ್ಷಮ್ಮನವರು ಸಂಜೆ ಶಾಲೆ ಬಿಟ್ಟ ಮೇಲೂ ಅವಳನ್ನು ಕೂಡಿಸಿಕೊಂಡು ಓದಿಸಿ ಸೋತಿದ್ದರು. ಈ ಸಲವೂ ಆಗದಿದ್ದರೆ ಬಿಡಿಸಿ ಮನೆಗೆಲಸಕ್ಕೆ ಹಾಕೋಣ ಎಂದು ಮಗ ಅನ್ನುತ್ತಿದ್ದ.

ಅಂಟು ಒಣಗಲೆಂದು ಬಿಸಿಲಿಗಿಟ್ಟ ಆ ಪುಸ್ತಕವನ್ನು ಕೊಟ್ರಿ ಎತ್ತಿಕೊಂಡಳು. ಮಧ್ಯಾಹ್ನ ಇಳಿದರೂ ಏಳಲಿಲ್ಲ. ಉಣ್ಣಲು ಕರೆದರೆ ಕಿವಿ ಇಲ್ಲ.

"ಏನೇ ಅದು ಅಷ್ಟೊಂದು?"

"ಅಜ್ಜ, ಹುಣಸೇಮರದ ದೆವ್ವ ಚಂದ್ರನ ಮ್ಯಾಕೆ ಹೋಗೈತೆ! ಪತ್ತೇದಾರ ಹಿಂದಿಂದೇ ಬಂದಾನೆ, ಆದ್ರೆ ಹೆಸರು ಬದ್ಲು ಮಾಡ್ಕಂಡಾನೆ."

"ಹೆಸರ್ಯಾಕೆ ಬದ್ಲು ಮಾಡ್ಕಂಡ?"

"ಅಷ್ಟೂ ತಿಳಿಯಲ್ವಾ? ವೇಷ ಹಾಕ್ಕಂಡಾನಜ್ಜ!"

ನಡುವೆ ಬರುವ ಕಥೆಗಳ ಹೆಸರುಗಳನ್ನು ಅವಳು ಅಧ್ಯಾಯಗಳೆಂದುಕೊಂಡಿದ್ದಳು. ವಾಕ್ಯ ಅರ್ಧಕ್ಕೆ ನಿಂತಲ್ಲಿ ತಾನೇ ಸೇತುವೆ ಕಟ್ಟಿಕೊಂಡು ದಾಟುತ್ತಿದ್ದಳು. ತಡವರಿಸದೆ ಎರಡು ಪುಟ ನನಗೆ ಓದಿ ತೋರಿಸಿದಳು. ನಾನು ಮುಖ ಒರೆಸುವ ನೆವದಲ್ಲಿ ಟವೆಲ್ಲು ಎತ್ತಿಕೊಂಡೆ. ಮಂಡಿಯ ದಿನಗಳಿಂದ ಮೈಯಲ್ಲಿ ಸೇರಿದ್ದ ದಣಿವೆಲ್ಲ ಆ ಒಂದು ಗಳಿಗೆ ಜಗುಲಿಯಿಂದಿಳಿದು ಹೋಗಿತ್ತು.

ಆ ದಣಿವು ಹಿಂತಿರುಗಲು ಹೊತ್ತಾಗಲಿಲ್ಲ. ಸಂಜೆ ವಿಶಾಲಾಕ್ಷಮ್ಮನವರು ಬಂದು ಪುಸ್ತಕ ತೆರೆದು, ನಾಲ್ಕು ಹಾಳೆ ಮಗುಚಿ, ಮತ್ತೆ ಮೊದಲಿಗೆ ಬಂದರು.

"ಅಜ್ಜಾರೇ, ಇದನ್ನ ಹೆಂಗೆ ಜೋಡಿಸಿದ್ರಿ?"

"ನಂಬರ್ ಪ್ರಕಾರ ಟೀಚರಮ್ಮ. ಒಂದೂ ತಪ್ಪಿಲ್ಲ, ನೋಡ್ಕಳ್ರಿ" ಎಂದೆ, ಎದೆಯುಬ್ಬಿಸಿ.

ಅವರು ಮೆಟ್ಟಿಲ ಮೇಲೆ ಕೂತರು. ಏನಾಗಿದೆಯೆಂದು ಮೆಲ್ಲಗೆ, ಮಕ್ಕಳಿಗೆ ಹೇಳುವಂತೆ ತಿಳಿಸಿದರು. ಬಿಚ್ಚಿ ಸರಿಮಾಡುತ್ತೇನೆ ಎಂದು ಕೈಚಾಚಿದೆ. ಅಂಟು ಹಿಡಿದ ಹಳೇ ಕಾಗದ ಎಳೆದರೆ ಹರಿಯುವುದೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಡುವೆ ಕೊಟ್ರಿ ನುಸುಳಿದಳು: "ಟೀಚರ್, ಆ ದೆವ್ವ ಊರಿಗೆ ವಾಪಸ್ ಬರ್ತೈತಾ?"

"ಯಾವ ದೆವ್ವನೇ?"

ಕೊಟ್ರಿ ನಿಂತೇ ಇಡೀ ಕಥೆ ಹೇಳಿದಳು. ಟೀಚರು ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಅವಳ ಕೈಗೆ ಪುಸ್ತಕ ಕೊಟ್ಟು ಒಂದು ಪುಟ ಓದಿಸಿದರು. ಆಮೇಲೆ ಅದನ್ನು ಚೀಲಕ್ಕೆ ಹಾಕಿಕೊಂಡು, "ಸಾಮಾನು ಕಟ್ಟೋದೈತೆ ಅಜ್ಜಾರೇ, ಬರ್ತೀನಿ" ಎಂದು ಹೊರಟುಹೋದರು. ಬೈದಿದ್ದರೆ ಹಗುರಾಗುತ್ತಿದ್ದೆ.

ಆಮೇಲೆ ಮೂರು ತಿಂಗಳು ನಾನು ದಬ್ಬಣ ಮುಟ್ಟಲಿಲ್ಲ. ಜನ ತಂದ ಕಟ್ಟುಗಳನ್ನು ಸೊಂಟನೋವಿನ ನೆಪ ಹೇಳಿ ವಾಪಸು ಕಳಿಸಿದೆ. ಕೂತು ಕೂತು ಒಂದು ವಿಚಾರ ಮಾತ್ರ ಮಾಡಿದೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟನೆಂದು ರೇಡಿಯೋ ಹೇಳಿದ ದಿನವೇ ನನ್ನ ಹೆಂಡತಿ, ಆಗ ಕೈಕೂಸಾಗಿದ್ದ ಕೊಟ್ರಿಗೆ ದೃಷ್ಟಿ ಆಗಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದಳು. ಎರಡೂ ಒಂದೇ ನಡುಮನೆಯಲ್ಲಿ, ಒಂದಕ್ಕೊಂದು ಅಡ್ಡ ಬರದೆ ನಡೆದವು. ದೆವ್ವಕ್ಕೊಂದು ಚೀಲ, ವಿಜ್ಞಾನಕ್ಕೊಂದು ಚೀಲ ಎಂದು ಬಾಳು ಎಂದೂ ಹೊಲಿದುಕೊಟ್ಟಿಲ್ಲ. ಇದು ಸಮಾಧಾನವೇ ಹೊರತು ಕ್ಷಮೆಯಲ್ಲ ಎಂಬುದೂ ನನಗೆ ತಿಳಿದಿತ್ತು.

ಆ ವರ್ಷ ಕೊಟ್ರಿ ಪಾಸಾದಳು. ಬಿಡಿಸುವ ಮಾತನ್ನು ಮಗ ಮತ್ತೆ ಎತ್ತಲಿಲ್ಲ. ಬೀದಿಯವರಿಗೆಲ್ಲ ನಾನೇ ಬೆಲ್ಲ ಹಂಚಿದೆ. ಹಂಚುವಾಗಲೂ ಜಗಳೂರಿನ ಕಡೆಯ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದೆ.

ಮೊನ್ನೆ ಅದೇ ಕಡೆಯ ಕಂಡಕ್ಟರು ಒಂದು ಕಟ್ಟು ತಂದುಕೊಟ್ಟ. ಹೊಸ ಹಾಳೆಗಳು, ಮತ್ತೆ ಅಂಥವೇ ಕಥೆಗಳು. ಜೊತೆಗಿದ್ದ ಚೀಟಿಯನ್ನು ಕೊಟ್ರಿಯೇ ಓದಿದಳು: "ಅಜ್ಜಾರೇ, ಅಕ್ಕನ ಕಥೆಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ನೀವು ಹೊಲಿದ ಮೇಲೆ ಮುಂದೇನಾಗುತ್ತದೋ ಗೊತ್ತಿಲ್ಲದೆ ಓದಿದೆ. ಅಕ್ಕ ಪಕ್ಕದಲ್ಲಿ ಕೂತು ಕೇಳಿದ ಹಾಗಾಯಿತು. ಇವನ್ನು ಕೊಟ್ರಿ ಹೇಳಿದಂತೆ ಹೊಲಿಯಿರಿ." ಪ್ರತಿ ಹಾಳೆಯ ಮೂಲೆಯ ನಂಬರನ್ನೂ ನೀಲಿ ಶಾಯಿಯಲ್ಲಿ ಹೊಡೆದುಹಾಕಿದ್ದರು.

ಕೊಟ್ರಿ ಈಗ ಜಗುಲಿಯ ತುಂಬ ಹಾಳೆ ಹರಡಿ, ಹಾರದಂತೆ ಮೇಲೆ ಸೇರು, ಪಾವುಗಳನ್ನಿಟ್ಟು ಕೂತಿದ್ದಾಳೆ. ಮೊದಲನೆಯದು ಯಾವುದೇ ಎಂದರೆ, "ಸುಮ್ಕಿರಜ್ಜ, ದೆವ್ವ ಇನ್ನೂ ಬಸ್ಸು ಹತ್ತಿಲ್ಲ" ಎನ್ನುತ್ತಾಳೆ. ದಬ್ಬಣದ ಕಣ್ಣು ಇನ್ನಷ್ಟು ಸಣ್ಣದಾಗಿದೆ. ದಾರವನ್ನು ಅವಳೇ ಒಂದೇ ಸಲಕ್ಕೆ ಪೋಣಿಸಿ ನನ್ನ ಕೈಗಿತ್ತಿದ್ದಾಳೆ. ಹಿಡಿದು ಕೂತಿದ್ದೇನೆ. ದಣಿವು ಇದೆ, ಅವಸರವಿಲ್ಲ.