ಎಣ್ಣೆ ಕುಡಿದ ಸುರುಳಿ

ಕೋವಿಡ್ ಬರುವ ಹಿಂದಿನ ವರ್ಷ ನಾನು ನವಿ ಮುಂಬೈಯ ಖಾಸಗಿ ಪರಂಪರಾ ಕೇಂದ್ರವೊಂದರಲ್ಲಿ ಸೀನಿಯರ್ ಕನ್ಸರ್ವೇಟರ್ ಆಗಿದ್ದೆ. ಹಳೆಯ ಕಾಗದ, ತೊಗಲು, ಓಲೆಗರಿಗಳನ್ನು ಹಾಳಾಗದಂತೆ ಕಾಯುವ ಕೆಲಸ. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಇನ್ನೆರಡು ವರ್ಷ ಮುಂದುವರಿಸುವುದಾಗಿ ನಿರ್ದೇಶಕರು ಬಾಯಿಮಾತಿನಲ್ಲಿ ಹೇಳಿದ್ದರು. ಧಾರವಾಡ ಬಿಟ್ಟು ಡೊಂಬಿವಲಿಯಲ್ಲಿ ನೆಲೆಸಿದ್ದ ನನಗೆ ಆ ಎರಡು ವರ್ಷ ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ.

ಜುಲೈಯಲ್ಲಿ ಠಾಣೆಯಿಂದ ಡೇವಿಡ್ ಕಾಕಾ ಬಂದರು. ಎಂಬತ್ತೆರಡು ವಯಸ್ಸು, ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು. ಬೆನೆ ಇಸ್ರೇಲಿ, ಅಂದರೆ ಶತಮಾನಗಳಿಂದ ಕೊಂಕಣದಲ್ಲಿದ್ದು ಮರಾಠಿಯನ್ನೇ ಮನೆಮಾತು ಮಾಡಿಕೊಂಡ ಯಹೂದಿ. ಬಿಳಿ ಬಟ್ಟೆಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಅವರು ತಂದದ್ದು ತೋರಾ ಸುರುಳಿ. ಯಹೂದಿಗಳ ಮೊದಲ ಐದು ಗ್ರಂಥಗಳನ್ನು ಹದಮಾಡಿದ ಚರ್ಮದ ಮೇಲೆ ಕೈಯಿಂದ ಬರೆದದ್ದು. ಇದರ ನಿಯಮಗಳು ಬಹಳ ಹಳೆಯವು, ಬಹಳ ಬಿಗಿಯಾದವು. ಒಂದು ಅಕ್ಷರ ಅಳಿಸಿದರೂ ಪ್ರಾರ್ಥನೆಯಲ್ಲಿ ಓದುವಂತಿಲ್ಲ. ತರಬೇತಾದ ಲಿಪಿಕಾರ ಸರಿಪಡಿಸಬಹುದು. ಅದೂ ಆಗದಿದ್ದರೆ ಮನುಷ್ಯರನ್ನು ಹೂಳುವಂತೆಯೇ ಅದನ್ನು ಸ್ಮಶಾನದಲ್ಲಿ ಹೂಳಬೇಕು.

"ಇದು ಬದುಕಿದೆಯೋ ಸತ್ತಿದೆಯೋ, ಅಷ್ಟು ಹೇಳಿ ಮ್ಯಾಡಮ್," ಎಂದು ಮರಾಠಿಯಲ್ಲಿ ಕೇಳಿದರು. "ಸತ್ತಿದ್ದರೆ ನಾನಿರುವಾಗಲೇ ಮಣ್ಣು ಮಾಡಬೇಕು. ನನ್ನ ನಂತರ ಆ ಕ್ರಮ ಗೊತ್ತಿರುವವರು ಮನೆಯಲ್ಲಿ ಯಾರೂ ಇಲ್ಲ."

ಪರೀಕ್ಷೆಗೂ ರಿಪೇರಿಗೂ ಹಣ ಕೇಳದ ಕೇಂದ್ರದ ಕರಾರುಪತ್ರಕ್ಕೆ ಅವರು ಸಹಿ ಹಾಕಿದ್ದರು. ರಿಪೇರಿ ಸಾಧ್ಯ ಎಂದು ನನ್ನ ರಿಪೋರ್ಟ್ ಹೇಳಿದರೆ ಸುರುಳಿ ನಮ್ಮ ಹೊಸ ಗ್ಯಾಲರಿಗೆ, ಇಲ್ಲವಾದರೆ ಅವರಿಗೆ ವಾಪಸ್.

ಸುರುಳಿ ಇಪ್ಪತ್ತಾರು ಮೀಟರ್ ಉದ್ದವಿತ್ತು. ಬಿಚ್ಚುತ್ತಾ ಹೋದಂತೆ ಚರ್ಮ ಅಲ್ಲಲ್ಲಿ ಜೇನಿನ ಬಣ್ಣಕ್ಕೆ ತಿರುಗಿ, ಆಚೆಯ ಬೆಳಕು ಕಾಣುವಷ್ಟು ಪಾರದರ್ಶಕವಾಗಿತ್ತು. ನನಗೆ ಅರ್ಥವಾಗಲಿಲ್ಲ. ಕಾಕಾರನ್ನು ಕೇಳಿದಾಗ ತಲೆ ತಗ್ಗಿಸಿ ಹೇಳಿದರು. ಅವರ ಪೂರ್ವಿಕರು ಗಾಣದವರು, ಯಹೂದಿಗಳ ವಿಶ್ರಾಂತಿಯ ದಿನವಾದ ಶನಿವಾರ ಗಾಣ ಕಟ್ಟುತ್ತಿರಲಿಲ್ಲವೆಂದು ಊರವರು ಅವರನ್ನು ಶನಿವಾರ ತೇಲಿಗಳು, ಅಂದರೆ ಶನಿವಾರದ ಗಾಣಿಗರು, ಎಂದೇ ಕರೆಯುತ್ತಿದ್ದರು. ಆ ಮನೆಯಲ್ಲಿ ಬಾಗಿಲಿನ ಕೀಲಿನಿಂದ ಮಂಡಿನೋವಿನವರೆಗೆ ಎಲ್ಲಕ್ಕೂ ಎಣ್ಣೆಯೇ ಮದ್ದು. ಚರ್ಮ ಬಿರುಸಾಯಿತೆಂದು ಅವರ ಅಜ್ಜ ಪ್ರತಿ ವರ್ಷ ಭಕ್ತಿಯಿಂದ ಎಳ್ಳೆಣ್ಣೆ ಸವರಿದ್ದರು.

ಇಂಥ ಚರ್ಮದ ಮೇಲೆ ಮಸಿ ಒಳಗಿಳಿಯುವುದಿಲ್ಲ, ಮೇಲ್ಮೈಯಲ್ಲಿ ಕೂತಿರುತ್ತದೆ. ಎಣ್ಣೆ ತಗಲಿ ಅದು ಹಕ್ಕಳೆಯಂತೆ ಎದ್ದಿತ್ತು. ಇನ್ನೂರ ನಲವತ್ತೈದು ಅಂಕಣಗಳಲ್ಲಿ ನೂರಾ ಮೂವತ್ತರಲ್ಲಿ ಅಕ್ಷರಗಳು ಉದುರಿದ್ದವು. ಕಾಕಾರಿಗೆ ಪರಿಚಯವಿದ್ದ ಲಿಪಿಕಾರರೊಬ್ಬರು ವಿಡಿಯೋ ಕರೆಯಲ್ಲಿ ನೋಡಿ, ಈ ಚರ್ಮದ ಮೇಲೆ ಹೊಸ ಮಸಿ ನಿಲ್ಲುವುದಿಲ್ಲ ಎಂದುಬಿಟ್ಟರು.

ಬೆಂಗಳೂರಿನವರಾದ ನಮ್ಮ ನಿರ್ದೇಶಕರು ನನ್ನನ್ನು ಕರೆಸಿದರು. "ಸಾಲ್ವೆಂಟ್ ಹಾಕಿ ಎಣ್ಣೆ ತೆಗೀಬಹುದಲ್ವಾ ಮೇಡಂ? ಗಾಜಿನೊಳಗೆ ಚೆನ್ನಾಗೇ ಕಾಣತ್ತೆ. ರಿಪೇರಿ ಸಾಧ್ಯ ಅಂತ ಒಂದು ಲೈನ್ ಹಾಕಿ, ಸಾಕು."

"ಕಾಣ್ತದ್ರಿ ಸರ್. ಆದ್ರ ಅವ್ರು ಕೇಳಿದ್ದು ಚಂದ ಕಾಣ್ತದೇನು ಅಂತಲ್ಲ, ಓದಲಿಕ್ಕೆ ಬರ್ತದೇನು ಅಂತ."

"ಮೃತ ಸಮುದ್ರದ ಹತ್ತಿರ ಗುಹೆಗಳಲ್ಲಿ ಸುರುಳಿಗಳು ಸಿಕ್ಕದೇ ಹೋಗಿದ್ರೆ ಆ ಧರ್ಮದ ಹಳೆಯ ದಿನಗಳ ಬಗ್ಗೆ ನಮಗೆ ಏನು ಗೊತ್ತಿರ್ತಿತ್ತು? ಎಲ್ಲಾನೂ ಮಣ್ಣಿಗೆ ಹಾಕಿದ್ರೆ ಇತಿಹಾಸ ಎಲ್ಲಿಂದ ಬರತ್ತೆ?"

ಮಾತು ಚುಚ್ಚಿತು, ಏಕೆಂದರೆ ಅದರಲ್ಲಿ ಹುರುಳಿತ್ತು. ಎರಡು ಸಾವಿರ ವರ್ಷ ಹಳೆಯ ಆ ಸುರುಳಿಗಳು ಗುಹೆಗೆ ಯಾಕೆ ಸೇರಿದವು ಎಂಬುದರಲ್ಲಿ ವಿದ್ವಾಂಸರಿಗೇ ಒಮ್ಮತವಿಲ್ಲ. ಆದರೆ ಅವು ಸಿಕ್ಕಿದ್ದರಿಂದಲೇ ಎಷ್ಟೋ ವಿಷಯ ತಿಳಿಯಿತು. ಎರಡು ದಿನ ಒದ್ದಾಡಿದೆ. ಫೋಟೋ ತೆಗೆದಿಡಲು ಕಾಕಾರ ಒಪ್ಪಿಗೆ ಕೇಳಿದೆ. "ಫೋಟೋ ಎಷ್ಟು ಬೇಕಾದರೂ ತೆಗೆಯಿರಿ, ಫೋಟೋ ತೋರಾ ಅಲ್ಲ," ಎಂದರು. ಪ್ರತಿ ಅಂಕಣದ ಚಿತ್ರ ತೆಗೆದು, ಹಾನಿಯ ನಕ್ಷೆ ಹಾಕಿ, ಕೊನೆಯಲ್ಲಿ ಬರೆದೆ: ಪ್ರಾರ್ಥನೆಗೆ ಯೋಗ್ಯವಾಗುವಂತೆ ರಿಪೇರಿ ಸಾಧ್ಯವಿಲ್ಲ, ಮಾಲೀಕರಿಗೆ ಹಿಂದಿರುಗಿಸಬೇಕು.

ನಿರ್ದೇಶಕರು ಓದಿ ಕನ್ನಡಕ ತೆಗೆದರು. "ನಿಮ್ಮ ಎಕ್ಸ್‌ಟೆನ್ಷನ್ ಫೈಲ್ ನನ್ನ ಟೇಬಲ್ ಮೇಲೇ ಇದೆ, ಗೊತ್ತಲ್ಲ?"

"ಗೊತ್ತದ್ರಿ. ಅಲ್ಲೇ ಇರ್ಲಿ. ಗುಹೆಯೊಳಗಿನ ಸುರುಳಿ ನಮ್ದು ಅಂತ ಕೇಳವ್ರು ಉಳಿದಿರಲಿಲ್ಲ ಸರ್. ಇದರ ವಾರಸುದಾರ ನಮ್ಮ ವರಾಂಡಾದಾಗ ಚಹಾ ಕುಡೀಲಿಕ್ಕತ್ತಾರ."

ಫೈಲ್ ಅಲ್ಲೇ ಉಳಿಯಿತು. ನಿವೃತ್ತಿಯ ದಿನ ನನಗೆ ಹಾರ ಹಾಕಿ ಕಳಿಸಿದರು.

ಸುರುಳಿಯನ್ನು ಹೂಳಿದ್ದು ಅದಕ್ಕೆ ಸ್ವಲ್ಪ ಮೊದಲು, ಒಂದು ಭಾನುವಾರ ಬೆಳಿಗ್ಗೆ, ಠಾಣೆಯ ಅವರ ಸ್ಮಶಾನದಲ್ಲಿ. ಪಕ್ಕದ ಕಳವಾ ಊರಿನಿಂದ ತಂದ ದೊಡ್ಡ ಮಣ್ಣಿನ ಹಂಡೆಯೊಳಗೆ ಅದನ್ನಿಟ್ಟು ಬಾಯಿ ಮುಚ್ಚಿದರು. ಹದಿನಾಲ್ಕು ಜನ ಇದ್ದರು. ನನಗೆ ಕಣ್ಣೀರು ಬಂತು. ಮೂವತ್ತೊಂದು ವರ್ಷ ಉಳಿಸುವುದನ್ನೇ ಮಾಡಿದ ಕೈ ಮಣ್ಣು ಹಾಕಲು ಏಳಲಿಲ್ಲ.

ಕಾಕಾ ನೋಡಿದರು. "ಯಾಕೆ ಅಳುತ್ತೀರಿ? ನಮ್ಮವರು ದೋಣಿ ಒಡೆದು ಕೊಂಕಣದ ದಡಕ್ಕೆ ಬಿದ್ದಾಗ ಪುಸ್ತಕಗಳೆಲ್ಲ ನೀರುಪಾಲಾದವಂತೆ. ಆಮೇಲೆ ಎಷ್ಟೋ ತಲೆಮಾರು ಒಂದೇ ಒಂದು ಪ್ರಾರ್ಥನೆ, ಒಂದು ಶನಿವಾರ, ಅಷ್ಟನ್ನೇ ಹಿಡಿದುಕೊಂಡು ಬದುಕಿದೆವು. ಯಾರಿಂದಲೂ ಅಳಿಸಲು ಆಗಲಿಲ್ಲ. ಇದೊಂದು ಮಣ್ಣಿಗೆ ಹೋದರೆ ಅಳಿಸಿಹೋಗುತ್ತೇವೆಯೇ? ಹಾಕಿ ಮಣ್ಣು."

ಹಾಕಿದೆ. ವಸ್ತು ಯಾರದೋ ಅವರ ಪ್ರಶ್ನೆಗೆ ಉತ್ತರ ಕೊಡಬೇಕು, ನಮ್ಮ ಗಾಜಿನ ಪೆಟ್ಟಿಗೆಯ ಪ್ರಶ್ನೆಗಲ್ಲ ಎಂಬುದನ್ನು ನನ್ನ ಕಸುಬು ಕಲಿಸಿದ್ದು ಅಲ್ಲಿ, ಸಂಬಳದ ಕೊನೆಯ ದಿನಗಳಲ್ಲಿ. ತಡವಾಯಿತು, ನಿಜ. ಇವತ್ತು ಕರೆದು ಕೇಳಿದರೂ ಆ ರಿಪೋರ್ಟಿನ ಒಂದಕ್ಷರವನ್ನೂ ನಾನು ತಿದ್ದುವುದಿಲ್ಲ.